ಅನಿಲಗುಳ್ಳೆಯ ಜಾಣ್ಮೆ

ಯಳಂದೂರಿನ ಗೌರೀಶ್ವರ ದೇವಾಲಯದ ಬಳೆ ಮಂಟಪದ ಮುಂದೆ ನಿಂತವರ ಕಣ್ಣು ಮೊದಲು ಹುಡುಕುವುದು ಬೆಸುಗೆಯನ್ನು. ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿ, ಬೆಸುಗೆ ಎಲ್ಲಿಂದ ಬರಬೇಕು! ಹೀಗೆ ಹುಡುಕುವಾಗ ದುಡಿಯುವುದು ಕಣ್ಣಿನ ಹಿಂಗೋಡೆಯಾದ ಅಕ್ಷಿಪಟದ ನಡುಭಾಗ, ಮ್ಯಾಕ್ಯುಲಾ. ಅದರ ನಟ್ಟನಡುವಿನ ತಗ್ಗಿನ ಅಗಲ ಸುಮಾರು ಒಂದೂವರೆ ಮಿಲಿಮೀಟರ್. ಕೊಳ್ಳೇಗಾಲದ ಮಗ್ಗದಲ್ಲಿ ಕಡಿದ ರೇಷ್ಮೆ ಎಳೆ ಹುಡುಕಿ ಗಂಟು ಹಾಕುವುದು, ಹನೂರಿನ ಬಸ್ ನಿಲ್ದಾಣದಲ್ಲಿ ಬೋರ್ಡು ಓದುವುದು, ಎದುರು ಬಂದವರ ಮುಖದ ಗುರುತು ಹಿಡಿಯುವುದು, ಎಲ್ಲವೂ ಇಷ್ಟೇ ಜಾಗದ ಕೆಲಸ.

ವಯಸ್ಸಾದಂತೆ ಕೆಲವರಲ್ಲಿ ಈ ಜಾಗ ಸವೆಯುತ್ತದೆ. ಅದರ ಒಂದು ಬಗೆಯಲ್ಲಿ ಅಕ್ಷಿಪಟದ ಅಡಿಯಲ್ಲಿ ಬೇಡದ ರಕ್ತನಾಳಗಳು ಚಿಗುರುತ್ತವೆ. ಗೋಡೆ ಗಟ್ಟಿಯಿಲ್ಲದ ನಾಳಗಳು ಒಸರುತ್ತವೆ, ಒಮ್ಮೊಮ್ಮೆ ಒಡೆಯುತ್ತವೆ. ಒಸರುವಾಗ ನೆಟ್ಟಗಿನ ಗೆರೆ ಡೊಂಕಾಗಿ ಕಾಣುತ್ತದೆ. ಇದನ್ನು ಪತ್ತೆಹಚ್ಚಲು ವೈದ್ಯರು ಆಮ್ಸ್ಲರ್ ಚೌಕಳಿಯ ಹಾಳೆ ಕೊಡುತ್ತಾರೆ. ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಹಾಸುಹೊಕ್ಕಿನ ಲೆಕ್ಕದಲ್ಲೇ ಬದುಕಿದ ನೇಕಾರರಿಗೆ ಗೆರೆ ವಾಲಿದ್ದನ್ನು ಯಾರೂ ತೋರಿಸಿಕೊಡಬೇಕಿಲ್ಲ. ನಾಳ ಒಡೆದರಂತೂ ನೋಟದ ನಡುವೆ ದಿಢೀರನೆ ಕಪ್ಪು ಮಚ್ಚೆ.

ಸವಿಯುವಂಥದ್ದು ಇನ್ನು ಮುಂದಿದೆ. ಮೈಯನ್ನೆಲ್ಲ ಪೊರೆಯುವ ರಕ್ತವೇ ಇಲ್ಲಿ ಇರಬಾರದ ಜಾಗದಲ್ಲಿದೆ. ನಿಂತಲ್ಲೇ ನಿಂತರೆ ಹೆಪ್ಪುಗಟ್ಟಿ ದೃಷ್ಟಿಕೋಶಗಳನ್ನು ಹರಿಯುತ್ತದೆ, ಅದರೊಳಗಿನ ಕಬ್ಬಿಣ ಅವಕ್ಕೆ ವಿಷವಾಗುತ್ತದೆ, ಅಡಿಯ ಪದರದಿಂದ ಬರುವ ಪೋಷಣೆಯೂ ತಪ್ಪುತ್ತದೆ. ಯಾವುದೂ ತಕ್ಕ ಜಾಗದಲ್ಲಿರಬೇಕೆಂದು ಕಾವ್ಯಮೀಮಾಂಸಕರು ಹೇಳಿದ ಔಚಿತ್ಯ ಇಲ್ಲಿ ವೈದ್ಯರ ಕೈಯಲ್ಲಿದೆ. ಹೆಪ್ಪನ್ನು ಕಿತ್ತು ತೆಗೆಯಲು ಹೋದರೆ ಅಕ್ಷಿಪಟಕ್ಕೇ ಪೆಟ್ಟು. ಆದ್ದರಿಂದ ಅದನ್ನು ಪಕ್ಕಕ್ಕೆ ಸರಿಸುತ್ತಾರೆ. ಆಸ್ಟ್ರೇಲಿಯಾದ ವಿಲ್ಸನ್ ಹೆರಿಯಟ್ 1996ರಲ್ಲಿ ಮುಂದಿಟ್ಟ ಉಪಾಯ ಇದು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಹೆಪ್ಪು ಕರಗಿಸುವ ಟಿಪಿಎ ಔಷಧ ಹತ್ತಾರು ಮೈಕ್ರೋಗ್ರಾಂ, ಜೊತೆಗೆ ಸುಮಾರು 0.3 ಮಿ.ಲೀ. ಅನಿಲ ಕಣ್ಣಿನೊಳಕ್ಕೆ ಹೋಗುತ್ತದೆ. ರೋಗಿ ಬೋರಲು ಮಲಗಿದರೆ ಕಣ್ಣಿನ ಹಿಂಗೋಡೆ ಮೇಲಾಯಿತು. ಗಾರೆಯವರ ರಸಮಟ್ಟದಲ್ಲಿರುವಂತೆ ಗುಳ್ಳೆ ತಾನೇ ಮೇಲೇರಿ ಮ್ಯಾಕ್ಯುಲಾವನ್ನು ಒತ್ತಿ ನಿಲ್ಲುತ್ತದೆ. ಸಡಿಲವಾದ ರಕ್ತ ಅಂಚಿಗೆ ಜಾರುತ್ತದೆ. ಅಲ್ಲಿ ಅದನ್ನು ಮೈಯೇ ನಿಧಾನವಾಗಿ ಹೀರಿಕೊಳ್ಳುತ್ತದೆ. ಅರ್ಧ ಕೆಲಸ ಸೂಜಿಯದು, ಉಳಿದರ್ಧ ತಲೆ ಬಗ್ಗಿಸಿ ಸಹಿಸಿಕೊಂಡವರದು. ರಕ್ತದ ಪದರ ದಪ್ಪವಿದ್ದರೆ ಕಣ್ಣಿನೊಳಗಿನ ಲೋಳೆ ತೆಗೆದು, ಕೂದಲೆಳೆಯಷ್ಟು ಸಣ್ಣ ಸೂಜಿಯಿಂದ ಅಕ್ಷಿಪಟದಡಿಗೇ ಔಷಧ ಬಿಡುವ ವಿಟ್ರೆಕ್ಟಮಿ ಉಂಟು.

ಅನಿಲಕ್ಕೆ ತಕ್ಕಂತೆ ಗುಳ್ಳೆ ಎರಡು ವಾರದಿಂದ ಎರಡು ತಿಂಗಳವರೆಗೆ ಇರುತ್ತದೆ. ಅಷ್ಟು ದಿನ ವಿಮಾನ ಹತ್ತಬೇಡಿ ಎನ್ನುತ್ತಾರೆ. ನಮ್ಮ ಕಡೆಯವರಿಗೆ ಹೇಳಬೇಕಾದ್ದು ಬಿಳಿಗಿರಿರಂಗನ ಬೆಟ್ಟದ, ಮಾದಪ್ಪನ ಬೆಟ್ಟದ ಮಾತು. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ ಗುಳ್ಳೆ ಹಿಗ್ಗುತ್ತದೆ, ಕಣ್ಣೊಳಗಿನ ಒತ್ತಡ ಏರುತ್ತದೆ. ಹರಕೆ ತಡವಾಯಿತೆಂದು ಮಾದಪ್ಪ ಮುನಿಯುವುದಿಲ್ಲ.

ಇಷ್ಟಾದರೂ ಒಸರುವ ನಾಳ ಅಲ್ಲೇ ಇದೆ. ನಾಳಗಳನ್ನು ಚಿಗುರಿಸುವ ವಿಇಜಿಎಫ್ ಎಂಬ ಪ್ರೋಟೀನನ್ನು 1989ರಲ್ಲಿ ನೆಪೋಲಿಯೋನ್ ಫೆರಾರಾ ಬೇರ್ಪಡಿಸಿದರು. ಅದನ್ನು ತಡೆಯುವ ಔಷಧದ ಪ್ರಮಾಣ 0.05 ಮಿ.ಲೀ., ಅಂದರೆ ಒಂದು ಹನಿ. ಮೊದಮೊದಲು ತಿಂಗಳಿಗೊಮ್ಮೆ ಚುಚ್ಚಬೇಕು. ರಕ್ತದ ಪದರ ತೆಳುವಾಗಿದ್ದರೆ ಎಷ್ಟೋ ಸಲ ಈ ಹನಿಯೊಂದೇ ಸಾಕು.

ಹಳ್ಳಿಗಳಲ್ಲಿ ಹಿರಿಯರ ಕಣ್ಣು ಮಂಜಾದರೆ ‘ಪೊರೆ ಇರಬೇಕು, ಬಲಿಯಲಿ ಬುಡು’ ಎನ್ನುವುದು ವಾಡಿಕೆ. ಪೊರೆ ಮೆಲ್ಲಗೆ ಬರುತ್ತದೆ. ನಡುವಿನ ಮಚ್ಚೆ ರಾತ್ರಿ ಕಳೆಯುವುದರೊಳಗೆ ಬಂದಿರಬಹುದು. ಗುಳ್ಳೆಯ ಈ ಜಾಣ್ಮೆ ನಡೆಯುವುದು ಹೆಚ್ಚೆಂದರೆ ಮೊದಲ ಒಂದೆರಡು ವಾರ. ಆಗಲೂ ನೋಟ ಪೂರ್ತಿ ಮರಳುವ ಭರವಸೆಯಿಲ್ಲ. ಆದರೆ ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ.; ಅಂದೇ ಬಸ್ಸು ಹತ್ತಿದರೆ ವೈದ್ಯರ ಕೈಚಳಕಕ್ಕೆ ಉಳಿಸಲು ಏನಾದರೂ ಇರುತ್ತದೆ.