‘ಪ್ರಾಣಿಮಾದರಿ’: ಒಂದು ಶಬ್ದವಿಮರ್ಶೆ

ರಕ್ತದೊತ್ತಡದ ಔಷಧಗಳು ಮನುಷ್ಯರಿಗೆ ಕೊಡಲ್ಪಡುವ ಮೊದಲು ಪ್ರಾಣಿಗಳಲ್ಲಿ ಪರೀಕ್ಷಿತವಾಗುವುವೆಂಬುದು ವಿದಿತವೇ ಆಗಿದೆ. 1993ರಲ್ಲಿ ಸ್ಥಾಪಿತವಾದ ಸಿಂಜೀನ್ ಮೊದಲಾದ ಔಷಧಸಂಶೋಧನ ಸಂಸ್ಥೆಗಳು ಬೆಂಗಳೂರಿನ ಹೊರವಲಯದ ಬೊಮ್ಮಸಂದ್ರದಲ್ಲಿ ನೆಲೆಗೊಂಡ ಮೇಲೆ ಇಂತಹ ಪರೀಕ್ಷೆಗಳ ವಿಷಯವು ಕನ್ನಡಿಗರಿಗೆ ದೂರದ ವಾರ್ತೆಯಾಗಿ ಉಳಿದಿಲ್ಲ. ಆದರೆ ಇದನ್ನು ವಿವರಿಸುವ ಕನ್ನಡ ಗದ್ಯದಲ್ಲಿ ರೂಢಿಗೆ ಬಂದಿರುವ ‘ಪ್ರಾಣಿಮಾದರಿ’ ಎಂಬ ಶಬ್ದವು ಅರ್ಥಕ್ಕೆ ತಕ್ಕುದೇ ಎಂಬುದು ವಿಚಾರಣೀಯವಾಗಿದೆ.

‘ಮಾದರಿ’ಗೆ ಕನ್ನಡದಲ್ಲಿ ಎರಡರ್ಥಗಳು ಪ್ರಸಿದ್ಧ. ರಾಶಿಯಿಂದ ತೆಗೆದ ಹಿಡಿ ರಾಗಿ ಆ ರಾಶಿಗೆ ಮಾದರಿ. ಅನುಕರಣೀಯವಾದ ನಡತೆಯೂ ಮಾದರಿ. ಮೊದಲನೆಯದರಲ್ಲಿ ಅಭೇದವೂ ಎರಡನೆಯದರಲ್ಲಿ ಶ್ರೇಷ್ಠತೆಯೂ ವಿವಕ್ಷಿತವಾಗಿವೆ. ಪ್ರಯೋಗಶಾಲೆಯ ಇಲಿಗೆ ಇವೆರಡೂ ಸಲ್ಲವು.

1934ರಲ್ಲಿ ಅಮೆರಿಕದ ಗೋಲ್ಡ್‌ಬ್ಲಾಟ್ ಎಂಬ ವೈದ್ಯರು ನಾಯಿಗಳ ಮೂತ್ರಪಿಂಡದ ಧಮನಿಯನ್ನು ಬೆಳ್ಳಿಯ ಚಿಮಟದಿಂದ ಬಿಗಿದು ರಕ್ತದೊತ್ತಡವನ್ನೇರಿಸಿದರು. 1962ರಲ್ಲಿ ಡಾಲ್ ಎಂಬುವರು ಉಪ್ಪು ತಿಂದರೆ ಒತ್ತಡವೇರುವ ಇಲಿಗಳನ್ನು ಆರಿಸಿ ಬೆಳೆಸಿದರು. 1963ರಲ್ಲಿ ಜಪಾನಿನ ಒಕಾಮೋಟೋ ಮತ್ತು ಅಓಕಿ ಎಂಬುವರು, ಬೆಳೆದಂತೆ ತಾನಾಗಿಯೇ ಒತ್ತಡವೇರುವ ಇಲಿಯ ತಳಿಯನ್ನು ಪ್ರಕಟಪಡಿಸಿದರು. ಒಂದರಲ್ಲಿ ಧಮನಿಯ ಸಂಕೋಚ, ಒಂದರಲ್ಲಿ ಲವಣ, ಒಂದರಲ್ಲಿ ವಂಶಗುಣ ಪ್ರಧಾನ. ಬಹುಮಂದಿ ರೋಗಿಗಳಲ್ಲಿಯಾದರೋ ವಂಶ, ಆಹಾರ, ವಯಸ್ಸು, ಸ್ಥೌಲ್ಯ ಮುಂತಾದ ಹಲವು ಕಾರಣಗಳು ಕೂಡಿರುತ್ತವೆ.

ಆದುದರಿಂದ ಇಲ್ಲಿಯ ಸಂಬಂಧವು ಉಪಮೆಯದು. ಭೇದವಿದ್ದೂ ಸಾಧರ್ಮ್ಯವಿರುವುದೇ ಉಪಮೆಯ ಜೀವವೆಂಬುದು ಆಲಂಕಾರಿಕರ ಮತ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಆಹ್ಲಾದಕತ್ವವೊಂದೇ ಗ್ರಾಹ್ಯ. ಮುಖವೂ ಕೃಷ್ಣಪಕ್ಷದಲ್ಲಿ ಕ್ಷಯಿಸುವುದೆಂದು ಯಾರೂ ಊಹಿಸರು. ‘ಮಾದರಿ’ ಎಂದೊಡನೆ ಉಪಮೆಯು ರೂಪಕವಾಗಿ ಅಭೇದಾರೋಪವುಂಟಾಗುತ್ತದೆ. ಇಲಿಯಲ್ಲಿ ಒತ್ತಡವಿಳಿಸಿದ ಔಷಧವು ತನ್ನಲ್ಲಿಯೂ ಇಳಿಸಿಯೇ ತೀರುವುದೆಂದು ರೋಗಿಯು ನಂಬುವನು.

ರೂಢಿಯಾದ ಶಬ್ದವನ್ನು ಬಿಡುವುದೇಕೆಂಬ ಆಕ್ಷೇಪಕ್ಕೆ ಸಮಾಧಾನವಿದೆ. ಪಾರಿಭಾಷಿಕಾರ್ಥವು ವಿಜ್ಞಾನಿಗಳಲ್ಲಿ ಮಾತ್ರ ರೂಢವಾಗಿದೆ, ಸಾಮಾನ್ಯ ವಾಚಕರಲ್ಲಿ ಇಲ್ಲ. ಅವರಿಗಾಗಿ ಬರೆಯುವೆಡೆಯಲ್ಲಿ ‘ಉಪಮಾನಪ್ರಾಣಿ’ ಎಂಬುದು ಯುಕ್ತತರ.

ಇನ್ನೊಂದು ವಿಶೇಷವುಂಟು. ಕಾವ್ಯದಲ್ಲಿ ಉಪಮಾನವು ಸಾಮಾನ್ಯವಾಗಿ ಅಧಿಕಗುಣವುಳ್ಳದ್ದು. ಇಲ್ಲಿ ಅದು ಉಪಮೇಯಕ್ಕಾಗಿ ನೋವನ್ನು ಸಹಿಸುವ ಮೂಕಪ್ರಾಣಿ. ಸಾಧ್ಯವಾದಲ್ಲೆಲ್ಲ ಪ್ರಾಣಿಪ್ರಯೋಗವನ್ನು ವರ್ಜಿಸಬೇಕೆಂಬುದು ಭಾರತದ 1960ರ ಪ್ರಾಣಿಹಿಂಸಾನಿವಾರಣ ಶಾಸನದ ಆಶಯ. ಸಾಧರ್ಮ್ಯವೆಷ್ಟೆಂದು ಮೊದಲೇ ನಿಷ್ಕರ್ಷಿಸದೆ ಮಾಡಿದ ಪ್ರಯೋಗದಲ್ಲಿ ಆ ನೋವೂ ವ್ಯರ್ಥ. ಸಾಧಾರಣಧರ್ಮವನ್ನು ಹೇಳದ ಲುಪ್ತೋಪಮೆ ಕಾವ್ಯದಲ್ಲಿ ಅಲಂಕಾರ. ಶಾಸ್ತ್ರಗದ್ಯದಲ್ಲಿ ಅದು ದೋಷವೆಂದೇ ಗಣಿಸತಕ್ಕದ್ದು.