ದಪ್ಪಕ್ಷರದ ಪಾಸಿಟಿವ್

ಹರ್ಪಿಸ್ ರಕ್ತಪರೀಕ್ಷೆಯ ರಿಪೋರ್ಟು ನೋಡಲು ಬಲು ಅಚ್ಚುಕಟ್ಟು. ಎಡಗಡೆ ಪರೀಕ್ಷೆಯ ಹೆಸರು, ನಡುವೆ ಒಂದು ಅಂಕಿ, ಬಲಗಡೆ ಅದನ್ನು ಅಳೆಯುವ ಗೆರೆ. ಸಾಮಾನ್ಯವಾಗಿ 0.9ರ ಕೆಳಗಿದ್ದರೆ ನೆಗೆಟಿವ್, 1.1 ದಾಟಿದರೆ ಪಾಸಿಟಿವ್, ನಡುವೆ ಬಿದ್ದರೆ ಅನಿಶ್ಚಿತ. ಗೆರೆ ದಾಟಿದ ಅಂಕಿ ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ರೋಗಿಯ ಲಕ್ಷಣಗಳೊಂದಿಗೆ ತಾಳೆ ನೋಡಿ ಎಂಬ ಸೂಚನೆ ಮಾತ್ರ ಪುಟದ ತಳದಲ್ಲಿ, ಕನ್ನಡಕ ಹಾಕಿದರೂ ಕಾಣದಷ್ಟು ಸಣ್ಣಗೆ. ಇಡೀ ಪುಟದಲ್ಲಿ ನಂಬಲರ್ಹವಾದ ಸಾಲು ಅದೊಂದೇ ಎಂದರೆ ಅತಿಶಯೋಕ್ತಿಯಾದೀತು. ಆದರೂ ತೀರಾ ಸುಳ್ಳಲ್ಲ.

ಹೀಗೆ ಪರೀಕ್ಷೆಗೆ ಬರುವವರ ತಲೆಯಲ್ಲಿರುವುದು ಒಂದೇ ಪ್ರಶ್ನೆ: ಮೊನ್ನೆಯ ಸಂಪರ್ಕದಿಂದ ನನಗೆ ಅಂಟಿತೇ? ರಕ್ತಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ಅಳತೆಗೆ ಸಿಗುವಷ್ಟು ಹೆಚ್ಚಲು ವಾರಗಳೇ ಬೇಕು. ಹನ್ನೆರಡು ವಾರ ಕಳೆಯದೆ ಬಂದ ನೆಗೆಟಿವ್ ಮೇಲೆ ಭರವಸೆ ಇಡುವಂತಿಲ್ಲ. ಮೂರನೆಯ ದಿನವೇ ತೋಳು ಚಾಚಿದವರಿಗೆ ಸಿಗುವುದು ಹಳೆಯ ಲೆಕ್ಕ ಮಾತ್ರ. ಆ ದಿನ ಐಜಿಜಿ ಎಂಬ ಪ್ರತಿಕಾಯದ ಪರೀಕ್ಷೆ ನಿಜಕ್ಕೂ ಪಾಸಿಟಿವ್ ಆಗಿದ್ದರೆ ಸೋಂಕು ಮೊನ್ನೆಯದಲ್ಲ, ಎಂದೋ ಒಳಗೆ ಬಂದು ಕೂತದ್ದು. ಇದನ್ನು ಬಿಡಿಸಿ ಹೇಳದೆ ಕಾಗದ ಕೈಗಿತ್ತರೆ ಮನೆಯಲ್ಲಿ 'ಯಾರಿಂದ ಬಂತು' ಎಂಬ ಜಗಳ ಹೊತ್ತಿಕೊಳ್ಳುತ್ತದೆ. ಯಾರಿಂದ, ಯಾವಾಗ ಎಂಬ ಎರಡನ್ನೂ ಈ ಪರೀಕ್ಷೆ ಹೇಳಲಾರದು.

ದೇಹದ ಯಾವ ಭಾಗದಲ್ಲಿ ಎಂಬುದನ್ನೂ ಅದು ಹೇಳದು. ಹರ್ಪಿಸ್ ವೈರಸ್ಸಿನಲ್ಲಿ ಎರಡು ಬಗೆ: ಎಚ್‌ಎಸ್‌ವಿ-1 ಮತ್ತು ಎಚ್‌ಎಸ್‌ವಿ-2. ಎಚ್‌ಎಸ್‌ವಿ-1 ಬಹುಪಾಲು ಜನರಿಗೆ ಬಾಲ್ಯದಲ್ಲೇ, ಅಜ್ಜಿಯ ಮುತ್ತಿನಿಂದಲೋ ಅಮ್ಮನ ಮುತ್ತಿನಿಂದಲೋ ಬಂದಿರುತ್ತದೆ. 50 ವರ್ಷದೊಳಗಿನವರಲ್ಲಿ ಸುಮಾರು ಮೂರನೇ ಎರಡು ಭಾಗ ಜನರಲ್ಲಿ ಅದಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೆಚ್ಚಿನವರಿಗೆ ತುಟಿಯಂಚಿನ ಒಂದು ಗುಳ್ಳೆಯ ನೆನಪೂ ಇರುವುದಿಲ್ಲ. ಅದೇ ವೈರಸ್ ಜನನಾಂಗಕ್ಕೂ ತಗಲಬಹುದು ಎಂಬುದು ನಿಜ. ಆದರೆ ರಕ್ತದಲ್ಲಿ ತುಟಿಯ ಪ್ರತಿಕಾಯ ಬೇರೆ, ಕೆಳಗಿನದು ಬೇರೆ ಎಂದಿಲ್ಲ. 'ಎಚ್‌ಎಸ್‌ವಿ 1 ಮತ್ತು 2' ಎರಡನ್ನೂ ಕೂಡಿಸಿ ಒಂದೇ ಅಂಕಿ ಕೊಡುವ ಪರೀಕ್ಷೆಗಳೂ ಇವೆ. ಅವುಗಳಿಂದ ಏನು ತಿಳಿಯಬೇಕೋ ದೇವರೇ ಬಲ್ಲ.

ಐಜಿಎಂ ಎಂಬ ಇನ್ನೊಂದು ಪ್ರತಿಕಾಯದ ಪರೀಕ್ಷೆಯ ಬಗ್ಗೆ ನನಗೆ ದಾಕ್ಷಿಣ್ಯವಿಲ್ಲ. ಹೊಸ ಸೋಂಕನ್ನು ಅದು ಹಿಡಿಯುತ್ತದೆ ಎಂಬ ನಂಬಿಕೆಯಿಂದ ಜನ ದುಡ್ಡು ಕೊಡುತ್ತಾರೆ. ಹಳೆಯ ಸೋಂಕು ಮರುಕಳಿಸಿದಾಗಲೂ ಅದು ಪಾಸಿಟಿವ್ ಬರಬಹುದು. ಒಂದನೇ ಬಗೆಯನ್ನೂ ಎರಡನೆಯದನ್ನೂ ಸರಿಯಾಗಿ ಬೇರ್ಪಡಿಸಲಾರದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇದನ್ನು ಬಳಸಬೇಡಿ ಎಂದೇ ಹೇಳಿದೆ. ನಮ್ಮಲ್ಲಿ ಮಾತ್ರ ಅದು ಪ್ಯಾಕೇಜುಗಳಲ್ಲಿ ಉಳಿದುಕೊಂಡಿದೆ. ಗರ್ಭಪಾತದ ದುಃಖದಲ್ಲಿರುವ ಹೆಣ್ಣಿಗೆ ಬರೆದುಕೊಡುವ, ಗರ್ಭಕ್ಕೆ ತೊಂದರೆ ಕೊಡುವ ಸೋಂಕುಗಳನ್ನು ಹುಡುಕುವ ಟಾರ್ಚ್ ಪ್ಯಾನೆಲ್ಲಿನಲ್ಲೂ ಸೇರಿಕೊಂಡು, ಅವಳ ಪಾಲಿಗೆ ಇಲ್ಲದ ಅಪರಾಧವೊಂದನ್ನು ಹುಟ್ಟಿಸುತ್ತದೆ.

ಐಜಿಜಿಯನ್ನು ಹಾಗೆ ತಳ್ಳಿಹಾಕಲಾಗದು. ವೈರಸ್ಸಿನ ಹೊರಮೈಯ ಗ್ಲೈಕೊಪ್ರೋಟೀನ್ 'ಜಿ' ಎರಡು ಬಗೆಗಳಲ್ಲಿ ಬೇರೆಬೇರೆಯಾಗಿರುವುದರಿಂದ ಎಚ್‌ಎಸ್‌ವಿ-2 ಯಾವುದು ಎಂದು ಪ್ರತ್ಯೇಕಿಸಬಹುದು. ದೋಷವಿರುವುದು 1.1ರ ಗೆರೆಯಲ್ಲಿ. ಅದನ್ನು ತುಸುವೇ ದಾಟಿದ 1.4, 2.1ರಂಥ ಅಂಕಿಗಳಲ್ಲಿ ಸುಳ್ಳು ಪಾಸಿಟಿವ್ ಧಾರಾಳ. ರಿಪೋರ್ಟಿನ ಈ ಅಂಕಿ 3ಕ್ಕಿಂತ ಕಡಿಮೆಯಿದ್ದರೆ ಬೇರೆ ವಿಧಾನದ ಎರಡನೇ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಿ ಎನ್ನುತ್ತದೆ ಸಿಡಿಸಿಯ 2021ರ ಮಾರ್ಗಸೂಚಿ. ನೂರಕ್ಕೆ 15 ಮಂದಿಗೆ ಸೋಂಕಿರುವ ಸಮೂಹದಲ್ಲಿ ಲಕ್ಷಣವಿಲ್ಲದವರನ್ನೆಲ್ಲ ಪರೀಕ್ಷಿಸಿದರೆ ಪಾಸಿಟಿವ್‌ಗಳಲ್ಲಿ ಹತ್ತಿರಹತ್ತಿರ ಅರ್ಧ ಸುಳ್ಳಾಗುತ್ತವೆ ಎಂದು ಲೆಕ್ಕ ಹಾಕಿದ ಅಮೆರಿಕದ ತಜ್ಞ ಸಮಿತಿ, 2016ರಲ್ಲೂ 2023ರಲ್ಲೂ ಅಂಥ ತಪಾಸಣೆ ಬೇಡವೆಂದಿತು. ಖಚಿತಪಡಿಸಲು ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೆಸ್ಟರ್ನ್ ಬ್ಲಾಟ್ ಪರೀಕ್ಷೆ ಹೆಸರುವಾಸಿ. ಹುಬ್ಬಳ್ಳಿಯವರಿಗೆ ಅದು ಕೈಗೆಟುಕುವ ಮಾತಲ್ಲ.

ಹಾಗಾದರೆ ಗುಳ್ಳೆ ಎದ್ದವರು ಏನು ಮಾಡಬೇಕು? ರಕ್ತ ಕೊಡುವ ಬದಲು ಅದು ಒಣಗುವ ಮುನ್ನವೇ ಚರ್ಮರೋಗ ತಜ್ಞರ ಬಳಿ ಹೋಗುವುದು ಮೇಲು. ಹಸಿ ಗುಳ್ಳೆಯಿಂದ ಸ್ವಾಬ್ ತೆಗೆದು ಮಾಡುವ ಪಿಸಿಆರ್ ವೈರಸ್ಸನ್ನೇ ಹಿಡಿಯುತ್ತದೆ, ಯಾವ ಬಗೆಯದೆಂದೂ ಹೇಳುತ್ತದೆ. ಗುಳ್ಳೆಯಿಲ್ಲದೆ, ಸಂಗಾತಿಗೆ ಸೋಂಕಿದೆಯೆಂದು ಗೊತ್ತಿದ್ದವರಿಗೆ ಹನ್ನೆರಡು ವಾರದ ನಂತರದ ಐಜಿಜಿ ಉಪಯುಕ್ತ. ಗರ್ಭಿಣಿಯ ಗಂಡನಿಗೆ ಹರ್ಪಿಸ್ ಇದ್ದರಂತೂ ಅವಳಿಗೆ ಆಗಲೇ ಇದೆಯೋ ಇಲ್ಲವೋ ತಿಳಿಯಲೇಬೇಕು. ಹೆರಿಗೆ ಹತ್ತಿರವಿದ್ದಾಗ ಹೊಸದಾಗಿ ತಗಲುವ ಸೋಂಕು ಮಗುವಿನ ಜೀವಕ್ಕೇ ಅಪಾಯ.

ಲ್ಯಾಬಿನವರು ಮನಸ್ಸು ಮಾಡಿದರೆ ಅರ್ಜಿಯಲ್ಲಿ ಒಂದು ಖಾನೆ ಹೆಚ್ಚಿಸಬಹುದು: ಸಂಪರ್ಕವಾಗಿ ಎಷ್ಟು ವಾರ? ಈಗ ಸೂಜಿ ಹಿಡಿದವರು ಕೇಳುವುದು, ಈ ಪರೀಕ್ಷೆಗೆ ಸಂಬಂಧವೇ ಇಲ್ಲದ 'ತಿಂಡಿ ಆಯ್ತಾ?' ಎಂಬ ಪ್ರಶ್ನೆಯನ್ನು.