ತದಿಗೆಯ ಚಿನ್ನ, ಜಾಹೀರಾತಿನ ಪಂಚಾಂಗ

ವೈಶಾಖ ಶುದ್ಧ ತದಿಗೆ, ಅಂದರೆ ಅಕ್ಷಯ ತೃತೀಯ, ಹತ್ತಿರವಾದಾಗ ಕನ್ನಡದ ದೊಡ್ಡ ದಿನಪತ್ರಿಕೆಯೊಂದನ್ನು ಕೈಗೆತ್ತಿಕೊಂಡರೆ, ಮುಖಪುಟ ಕಾಣಲು ಒಂದೆರಡು ಹಾಳೆ ಮಗುಚಬೇಕಾಗುತ್ತದೆ. ಹೊರಗಿನ ಹಾಳೆ ಪೂರ್ತಿ ಚಿನ್ನದಂಗಡಿಯದು. ಮೈತುಂಬ ಒಡವೆ ತೊಟ್ಟ ತಾರೆ, ಹಿನ್ನೆಲೆಯಲ್ಲಿ ಕಮಲ ಇಲ್ಲವೇ ಕಳಶ, ಕೆಳಗೆ ಮೇಕಿಂಗ್ ಚಾರ್ಜ್ ಮೇಲೆ ಶೇಕಡಾವಾರು ರಿಯಾಯಿತಿ, ಇಂತಿಷ್ಟು ಕೊಂಡರೆ ನಾಣ್ಯ ಉಚಿತ, ಇಂದೇ ಮುಂಗಡ ಕಟ್ಟಿ ದರ ಕಾಯ್ದಿರಿಸಿಕೊಳ್ಳಿ ಎಂಬ ಕರೆ. ಈ ಜಾಹೀರಾತುಗಳನ್ನು ಒಂದು ಕೃತಿಯನ್ನು ಓದುವಷ್ಟೇ ಗಮನವಿಟ್ಟು ಓದಬೇಕೆಂದು ನನ್ನ ವಾದ. ಒಂದೇ ತಲೆಮಾರಿನೊಳಗೆ ಒಂದು ಹೊಸ ಆಚರಣೆಯನ್ನು ಕಟ್ಟಿ, ಅದು ಅಜ್ಜಿಯ ಕಾಲದಿಂದಲೂ ಇತ್ತು ಎಂದು ಮನೆಮಂದಿಯೆಲ್ಲ ನಂಬುವಂತೆ ಮಾಡಿದ ಬರವಣಿಗೆ ಇದು. ಅಷ್ಟು ಶಕ್ತಿಯಿರುವ ಬರವಣಿಗೆ ವಿಮರ್ಶೆಯಿಂದ ತಪ್ಪಿಸಿಕೊಳ್ಳಬಾರದು.

ಈ ದಿನಕ್ಕೆ ತನ್ನದೇ ಆದ ದೊಡ್ಡ ಬದುಕು ಇತ್ತು, ಈಗಲೂ ಇದೆ. ಪರಶುರಾಮ ಹುಟ್ಟಿದ ದಿನವೆಂದು ಕೆಲವರು ಪೂಜಿಸುತ್ತಾರೆ. ಪುರಿಯಲ್ಲಿ ಜಗನ್ನಾಥನ ರಥ ಕಟ್ಟುವ ಕೆಲಸ ಅಂದೇ ಶುರುವಾಗುತ್ತದೆ, ಒಡಿಶಾದ ರೈತರು ಅಂದು ಬೀಜಕ್ಕೆ ಕೈ ಹಾಕುತ್ತಾರೆ. ಜೈನರಿಗೆ ಅದು ಆದಿನಾಥ ತೀರ್ಥಂಕರ ದೀರ್ಘ ಉಪವಾಸದ ನಂತರ ಹಸ್ತಿನಾಪುರದಲ್ಲಿ ಶ್ರೇಯಾಂಸನ ಕೈಯಿಂದ ಕಬ್ಬಿನ ಹಾಲು ಸ್ವೀಕರಿಸಿದ ದಿನ, ಆಹಾರದಾನದ ಹಬ್ಬ. ನಮ್ಮ ಕಡೆ ವೈಶಾಖವೆಂದರೆ ಬಿಸಿಲು ನೆತ್ತಿ ಸುಡುವ ತಿಂಗಳು. ಹಾಗಾಗಿ ಅಂದು ನೀರು ತುಂಬಿದ ಕೊಡ, ಕೊಡೆ, ಬೀಸಣಿಗೆ, ಪಾದರಕ್ಷೆ, ಮೊಸರನ್ನ ದಾನ ಮಾಡುವ ಪದ್ಧತಿ ಬೆಳೆಯಿತು; ದಾರಿಹೋಕರಿಗೆ ಅರವಟ್ಟಿಗೆಯಲ್ಲಿ ನೀರು, ಮಜ್ಜಿಗೆ, ಪಾನಕ ಸಿಗುತ್ತಿತ್ತು. ಇವೆಲ್ಲದರ ನಡುವೆ ಒಂದು ಸಮಾನ ಎಳೆ ಉಂಟು. ಅಂದು ಕೊಟ್ಟದ್ದು ಕರಗದೆ ಉಳಿಯುತ್ತದೆ ಎಂಬ ನಂಬಿಕೆ.

ಜಾಹೀರಾತು ಈ ನಂಬಿಕೆಯನ್ನು ಅಲ್ಲಗಳೆಯಲಿಲ್ಲ. ಅದರ ದಿಕ್ಕನ್ನು ಮಾತ್ರ ತಿರುಗಿಸಿತು. ಅಂದು ಕೊಂಡದ್ದು ಬೆಳೆಯುತ್ತದೆ ಎಂದಿತು. ಕೈಯಿಂದ ಹೊರಗೆ ಹೋಗಬೇಕಾದದ್ದು ಮನೆಯೊಳಗೆ ಬರಬೇಕಾದದ್ದಾಯಿತು, ದಾನ ತೆಗೆದುಕೊಳ್ಳುತ್ತಿದ್ದ ದಾರಿಹೋಕನ ಜಾಗದಲ್ಲಿ ಲಾಕರ್ ಬಂದು ಕೂತಿತು. ಬರವಣಿಗೆಯ ಕುಶಲತೆಯ ದೃಷ್ಟಿಯಿಂದ ನೋಡಿದರೆ ಇದು ಅಸಾಧಾರಣ ಕೆಲಸ. ಹೊಸ ದೇವರನ್ನಾಗಲಿ ಹೊಸ ಕಥೆಯನ್ನಾಗಲಿ ಹುಟ್ಟಿಸುವ ಕಷ್ಟ ತೆಗೆದುಕೊಳ್ಳದೆ, ಜನ ಆಗಲೇ ಭಕ್ತಿಯಿಂದ ಹಿಡಿದುಕೊಂಡಿದ್ದ ಒಂದು ದಿನವನ್ನು ಹಾಗೆಯೇ ಎತ್ತಿಕೊಂಡರು.

ಅರವತ್ತು ದಾಟಿದ ಯಾರನ್ನಾದರೂ ಕೇಳಿ. ಅವರ ಮನೆಯಲ್ಲಿ ಚಿನ್ನ ಕೊಳ್ಳುತ್ತಿದ್ದದ್ದು ಮದುವೆಗೆ, ಬಾಣಂತನಕ್ಕೆ, ಇಲ್ಲವೇ ಅಡಿಕೆಯೋ ಹತ್ತಿಯೋ ಮಾರಿ ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ. ಅಗತ್ಯವೋ ಅನುಕೂಲವೋ ದಿನವನ್ನು ನಿರ್ಧರಿಸುತ್ತಿತ್ತು. ತದಿಗೆಯಂದು ಅಂಗಡಿಯ ಮುಂದೆ ಸಾಲು ನಿಲ್ಲುವ ದೃಶ್ಯ ದಕ್ಷಿಣದ ನಗರಗಳಲ್ಲಿ ಎದ್ದು ಕಾಣತೊಡಗಿದ್ದು ಈ ಶತಮಾನದ ಮೊದಲ ವರ್ಷಗಳಲ್ಲಿ. ಆಭರಣ ಮಳಿಗೆಗಳ ದೊಡ್ಡ ಸರಪಳಿಗಳು ಊರಿಂದ ಊರಿಗೆ ಹಬ್ಬುತ್ತಿದ್ದ ಕಾಲವೂ ಅದೇ. 1987ರಲ್ಲಿ ಸ್ಥಾಪನೆಯಾದ, ಚಿನ್ನದ ಗಣಿ ಕಂಪನಿಗಳೇ ಸದಸ್ಯರಾಗಿರುವ ವರ್ಲ್ಡ್ ಗೋಲ್ಡ್ ಕೌನ್ಸಿಲ್‌ಗೆ ಚಿನ್ನದ ಬೇಡಿಕೆ ಬೆಳೆಸುವುದೇ ಕಸುಬು. ಭಾರತದ ಮಾರುಕಟ್ಟೆಯ ಬಗ್ಗೆ ಅದು ಬರೆಯುವಾಗ ಧನತ್ರಯೋದಶಿಯ ಜೊತೆಗೆ ಅಕ್ಷಯ ತೃತೀಯವೂ ಖರೀದಿಯ ಮಹಾದಿನವಾಗಿ ಬರುತ್ತದೆ. ಇಂಥದ್ದು ಜಗತ್ತಿನಲ್ಲಿ ಮೊದಲ ಸಲ ನಡೆದದ್ದೂ ಅಲ್ಲ. ವಜ್ರ ಎಂದೆಂದಿಗೂ ಉಳಿಯುತ್ತದೆ ಎಂಬ ಅರ್ಥದ ಒಂದು ಸಾಲನ್ನು 1947ರಲ್ಲಿ ಡಿ ಬಿಯರ್ಸ್ ಕಂಪನಿಗಾಗಿ ಫ್ರಾನ್ಸೆಸ್ ಜೆರೆಟಿ ಬರೆದುಕೊಟ್ಟರು. ಅಮೆರಿಕದಲ್ಲಿ ವಜ್ರದ ಉಂಗುರವಿಲ್ಲದ ನಿಶ್ಚಿತಾರ್ಥವನ್ನು ಊಹಿಸುವುದೇ ಕಷ್ಟವಾಗುವಂತೆ ಮಾಡಿದ ಪ್ರಚಾರ ಅದು. ಅಲ್ಲಿ ಪ್ರೀತಿಗೆ ಅಂಟಿಸಿದ್ದನ್ನು ಇಲ್ಲಿ ಪುಣ್ಯಕ್ಕೆ ಅಂಟಿಸಿದರು. ಪುಣ್ಯದ ಅಂಟು ಇನ್ನೂ ಗಟ್ಟಿ, ಏಕೆಂದರೆ ಅದರ ಬೆನ್ನಿಗೆ ಭಯವಿದೆ. ಎಲ್ಲರ ಮನೆಗೂ ಲಕ್ಷ್ಮಿ ಬರುವ ದಿನ ನಮ್ಮ ಮನೆಗೆ ಮಾತ್ರ ಬರದಿದ್ದರೆ?

ಈ ಭಯವನ್ನು ಎಷ್ಟು ನಾಜೂಕಾಗಿ ಹೆಣೆಯುತ್ತಾರೆ ಎಂಬುದಕ್ಕೆ ಮುಹೂರ್ತದ ಪ್ರಸಂಗ ನೋಡಬೇಕು. ಉತ್ತರ ಕರ್ನಾಟಕದಲ್ಲಿ ಸಾಡೇತೀನ್ ಮುಹೂರ್ತ ಎನ್ನುತ್ತಾರೆ: ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿ, ಅರ್ಧದ ಲೆಕ್ಕಕ್ಕೆ ಬಲಿಪಾಡ್ಯಮಿ. ಈ ದಿನಗಳ ಹೆಗ್ಗಳಿಕೆಯೇ ಮುಹೂರ್ತ ನೋಡಬೇಕಾಗಿಲ್ಲ ಎಂಬುದು. ಇಡೀ ದಿನ ಶುಭ. ಆದರೆ ಈಗ ಚಿನ್ನ ಕೊಳ್ಳಲು ಬೆಳಿಗ್ಗೆ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಒಳ್ಳೆಯ ಸಮಯ ಎಂದು ನಿಮಿಷದ ಲೆಕ್ಕದಲ್ಲಿ ಪ್ರಕಟವಾಗುತ್ತದೆ, ಟಿ.ವಿ.ಯಲ್ಲಿ ಜ್ಯೋತಿಷಿಗಳು ಅದನ್ನು ಓದಿ ಹೇಳುತ್ತಾರೆ. ಸಂಪ್ರದಾಯ ಬಿಡುವು ಕೊಟ್ಟ ಕಡೆ ಮಾರಾಟ ಆತುರವನ್ನು ತಂದಿಟ್ಟಿತು. ಆತುರದಲ್ಲಿರುವ ಗಿರಾಕಿ ಇನ್ನೊಂದು ಅಂಗಡಿಯಲ್ಲಿ ದರ ಕೇಳಲು ಹೋಗುವುದಿಲ್ಲ. ಶ್ರದ್ಧೆಯ ಹೆಸರಿನಲ್ಲೇ ಶ್ರದ್ಧೆಗೆ ವಿರುದ್ಧವಾಗಿ ನಡೆದ ಈ ತಿದ್ದುಪಡಿಯನ್ನು ಕಂಡಾಗ ನನಗೆ ನಿಜವಾಗಿಯೂ ನೋವಾಗುತ್ತದೆ.

ಚಿನ್ನದ ಜಾಹೀರಾತೆಲ್ಲ ಕೆಟ್ಟದ್ದೆಂದು ತಳ್ಳಿಹಾಕುವುದು ಮಾತ್ರ ಅನ್ಯಾಯ. ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಮನೆತನದ ಪತ್ತಾರರನ್ನು ನಂಬಿ ಕೊಂಡ ಇಪ್ಪತ್ತೆರಡು ಕ್ಯಾರೆಟ್ಟಿನ ಸರ, ಕರಗಿಸಿದಾಗ ಹದಿನೆಂಟಾದ ಕಥೆಗಳು ಪ್ರತಿ ಊರಿನಲ್ಲೂ ಇವೆ. ಆ ಕಾಲದಲ್ಲಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಟೈಟನ್ ಕಂಪನಿಯ ತನಿಷ್ಕ್ ಮಳಿಗೆಗಳು ಕ್ಯಾರೆಟ್ ಮೀಟರ್ ತಂದಿಟ್ಟು, ನಿಮ್ಮ ಒಡವೆ ತನ್ನಿ, ಶುದ್ಧತೆ ನೀವೇ ನೋಡಿ ಎಂದಾಗ ಆ ಪ್ರಚಾರ ಗಿರಾಕಿಗೆ ಒಂದು ಪ್ರಶ್ನೆ ಕಲಿಸಿತು. 2000ದಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಹಾಲ್‌ಮಾರ್ಕ್ ಬಂತು, 2021ರ ಜೂನ್‌ನಿಂದ ಅದು ಹಂತಹಂತವಾಗಿ ಕಡ್ಡಾಯವಾಯಿತು, 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತಿಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದಾಯಿತು. ಇದನ್ನು ಜನರಿಗೆ ತಿಳಿಸಿದ ಜಾಹೀರಾತುಗಳಿಗೆ ನಾವು ಋಣಿಗಳು. ನನ್ನ ಅಳತೆಗೋಲು ಇಲ್ಲೇ ಸಿಗುತ್ತದೆ. ಜಾಹೀರಾತನ್ನು ಓದಿ ಅಂಗಡಿಗೆ ಹೋದವರು ಹೆಚ್ಚು ಪ್ರಶ್ನೆ ಕೇಳುತ್ತಾರೋ ಕಡಿಮೆ ಕೇಳುತ್ತಾರೋ? ಶುದ್ಧತೆಯ ಪ್ರಚಾರ ಪ್ರಶ್ನೆ ಹೆಚ್ಚಿಸಿತು. ತದಿಗೆಯ ಪ್ರಚಾರ ಬಾಯಿ ಕಟ್ಟಿಸಿತು.

ಹೇಗೆ ಕಟ್ಟಿಸುತ್ತದೆ ಎಂಬುದನ್ನು ಲೆಕ್ಕದಲ್ಲೇ ನೋಡಿ. 2025ರ ಅಕ್ಷಯ ತೃತೀಯ ಏಪ್ರಿಲ್ 30ರಂದು ಬಂತು. ಆಗ 22 ಕ್ಯಾರೆಟ್ ಚಿನ್ನ ಗ್ರಾಂಗೆ ಹೆಚ್ಚುಕಡಿಮೆ 9,000 ರೂಪಾಯಿ. ಹತ್ತು ಗ್ರಾಂನ ಒಂದು ಸರ ತೆಗೆದುಕೊಳ್ಳೋಣ. ಚಿನ್ನದ ಬೆಲೆ 90,000. ಅಂಗಡಿ ವೇಸ್ಟೇಜು, ಮೇಕಿಂಗ್ ಎಂದು ಶೇ 16 ಹಾಕುತ್ತದೆ ಎಂದಿಟ್ಟುಕೊಳ್ಳಿ: 14,400. ಹಬ್ಬದ ರಿಯಾಯಿತಿ ಶೇ 25, ಎಂದರೆ 3,600 ಕಡಿತ. ಜಾಹೀರಾತಿನಲ್ಲಿ ಅಂಗೈ ಅಗಲದ ಅಕ್ಷರದಲ್ಲಿ ಕಾಣುವುದು ಈ ಇಪ್ಪತ್ತೈದು ಮಾತ್ರ. ಕಾಣದಿರುವುದು ಆ ಹದಿನಾರು. ದಿನನಿತ್ಯ ಶೇ 12 ಮಾತ್ರ ಹಾಕುವ ಬೀದಿಯ ಕೊನೆಯ ಅಂಗಡಿಯಲ್ಲಿ ಯಾವ ಹಬ್ಬವೂ ಇಲ್ಲದ ಮಂಗಳವಾರ ಇದೇ ಸರ ಇದೇ ಬೆಲೆಗೆ ಸಿಗುತ್ತದೆ. ಉಳಿದ ಮೇಕಿಂಗ್ 10,800, ಒಟ್ಟಿನ ಮೇಲೆ ಶೇ 3 ಜಿಎಸ್‌ಟಿ 3,024. ಕೈಯಿಂದ ಹೋದದ್ದು 1,03,824 ರೂಪಾಯಿ, ಮನೆಗೆ ಬಂದ ಚಿನ್ನ 90,000ದ್ದು. ನಾಳೆ ಕಷ್ಟ ಬಂದು ಮಾರಲು ಹೋದರೆ ಮೇಕಿಂಗೂ ತೆರಿಗೆಯೂ ವಾಪಸ್ಸು ಬರುವುದಿಲ್ಲ. ಹಾಕಿದ ದುಡ್ಡು ಮರಳಬೇಕಾದರೇ ಚಿನ್ನದ ದರ ಶೇ 15ಕ್ಕೂ ಹೆಚ್ಚು ಏರಬೇಕು. ಈಚಿನ ವರ್ಷಗಳಲ್ಲಿ ದರ ಏರಿದ್ದರಿಂದ ಈ ಗಾಯ ಯಾರಿಗೂ ಕಾಣಿಸಿಲ್ಲ. ಹರಳು ಕೂರಿಸಿದ ಒಡವೆಯಾದರೆ ಹರಳಿನ ತೂಕ ಬೇರೆ ತೆಗೆದಿದ್ದಾರೆಯೇ ಎಂದೂ ಬಿಲ್ಲಿನಲ್ಲಿ ನೋಡಬೇಕು. ಇವು ಯಾವುವೂ ಗುಟ್ಟಿನ ವಿಷಯಗಳಲ್ಲ. ಪುಟವಿಡೀ ಜಾಗವಿದ್ದೂ ಇವಕ್ಕೆ ಒಂದು ಸಾಲಿನ ಜಾಗ ಸಿಗುವುದಿಲ್ಲ ಎಂಬುದೇ ಆ ಬರವಣಿಗೆಯ ಮೇಲಿನ ನನ್ನ ಮೊದಲ ಆಕ್ಷೇಪ.

ಜಾಹೀರಾತು ಯಾರ ಮುಖದಿಂದ ಮಾತಾಡುತ್ತದೆ ಎಂಬುದೂ ಯೋಚಿಸಿ ಮಾಡಿದ ಕೆಲಸವೇ. ಕೇರಳದ ತ್ರಿಶ್ಶೂರಿನ ಕಲ್ಯಾಣ್ ಜ್ಯುವೆಲ್ಲರ್ಸ್ ತಮಿಳಿಗೆ ಪ್ರಭು, ತೆಲುಗಿಗೆ ನಾಗಾರ್ಜುನ, ಕನ್ನಡಕ್ಕೆ ಶಿವರಾಜ್‌ಕುಮಾರ್ ಅವರನ್ನು ಕರೆತಂದಿತು. ಪತ್ತಾರರ ಮೇಲಿದ್ದ ಮನೆತನದ ನಂಬಿಕೆಯ ಜಾಗವನ್ನು ತೆರೆಯ ಮೇಲಿನ ಆತ್ಮೀಯತೆ ತುಂಬಿತು. ಪತ್ತಾರ ಮೋಸ ಮಾಡಿದರೆ ಅವನ ಮನೆ ಬಾಗಿಲು ಗೊತ್ತಿರುತ್ತಿತ್ತು. ನಟರ ಹತ್ತಿರ ಹೋಗಿ ವೇಸ್ಟೇಜು ಕೇಳಲಾಗುವುದಿಲ್ಲ.

ಜಾಹೀರಾತಿಗೆ ಸಾಕ್ಷಿ ಹೇಳಲು ಸುದ್ದಿಯೂ ಬಂತು. ಮುನ್ನಾದಿನ ಪೂರ್ಣಪುಟದ ಪ್ರಕಟಣೆ, ಮಾರನೆಯ ದಿನ ಚಿನ್ನದಂಗಡಿಗಳಲ್ಲಿ ಜನಸಾಗರ ಎಂಬ ಚಿತ್ರಸಮೇತ ವರದಿ. ಆ ವರದಿ ಓದಿದ, ಈ ವರ್ಷ ಕೊಳ್ಳದವರು ಮುಂದಿನ ವರ್ಷಕ್ಕೆ ತಯಾರಾಗುತ್ತಾರೆ. ದುಡ್ಡು ಕೊಟ್ಟು ಹಾಕಿಸಿದ ಮಾತಿಗಿಂತ ದುಡ್ಡಿಲ್ಲದೆ ಬಂದ ಈ ಮಾತಿಗೆ ಬೆಲೆ ಹೆಚ್ಚು. ಪತ್ರಿಕೋದ್ಯಮ ಇದಕ್ಕೆ ಉತ್ತರ ಹೇಳಬೇಕು. ಮೇಕಿಂಗ್ ಚಾರ್ಜಿನ ಲೆಕ್ಕವನ್ನು ಆ ವಾರವೇ ಓದುಗರಿಗೆ ಬಿಡಿಸಿ ಹೇಳುವ ವರದಿಯನ್ನು ನಾನು ಹುಡುಕುತ್ತಲೇ ಇದ್ದೇನೆ. ಯಾವುದಾದರೂ ಪುಟದ ಮೂಲೆಯಲ್ಲಿ ಅಪರೂಪಕ್ಕೆ ಸಿಗುತ್ತದೆ.

2020ರ ತದಿಗೆ, ಏಪ್ರಿಲ್ 26, ಈ ಇಡೀ ವ್ಯವಹಾರದ ಪರೀಕ್ಷೆಯ ದಿನವಾಗಿತ್ತು. ದೇಶವೇ ಲಾಕ್‌ಡೌನಿನಲ್ಲಿ, ಅಂಗಡಿಗಳಿಗೆ ಬೀಗ, ಮದುವೆಗಳು ಮುಂದಕ್ಕೆ. ಆಗಲೂ ದೊಡ್ಡ ಮಳಿಗೆಗಳು ಆನ್‌ಲೈನಿನಲ್ಲಿ ದುಡ್ಡು ಕಟ್ಟಿಸಿಕೊಂಡವು: ಇಂದು ಕೊಳ್ಳಿ, ಒಡವೆ ಆಮೇಲೆ ಪಡೆಯಿರಿ. ಕೈಗೆ ಚಿನ್ನವೂ ಬರದೆ, ಕತ್ತಿಗೆ ಸರವೂ ಬೀಳದೆ ಖರೀದಿ ಮಾತ್ರ ಆಯಿತು. ಮಾರುತ್ತಿದ್ದುದು ಲೋಹಕ್ಕಿಂತ ಹೆಚ್ಚಾಗಿ ತಾರೀಖನ್ನು ಎಂಬುದು ಅಂದು ಸ್ಪಷ್ಟವಾಗಿ ಕಂಡಿತು.

ಕರ್ನಾಟಕದಲ್ಲಿ ಇದಕ್ಕೆ ಇನ್ನೊಂದು ಮುಖವಿದೆ, ನನ್ನನ್ನು ಹೆಚ್ಚು ಕಾಡುವುದೂ ಅದೇ. ಬಸವ ಜಯಂತಿಯೂ ವೈಶಾಖ ಶುದ್ಧ ತದಿಗೆಯಂದೇ. ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ ಮೆರವಣಿಗೆ ಮಾಡುತ್ತಾರೆ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ರಾಜ್ಯದ ಹೊನ್ನೆಲ್ಲ ಅವರ ಕೈಯಲ್ಲಿ ಹಾದುಹೋಗುತ್ತಿತ್ತು. ಹಾಗಿದ್ದೂ ದುಡಿದದ್ದರಲ್ಲಿ ಬೇಕಾದಷ್ಟನ್ನು ಬಳಸಿ ಉಳಿದದ್ದನ್ನು ಸಮುದಾಯಕ್ಕೆ ಸಲ್ಲಿಸುವ ದಾಸೋಹವನ್ನು ಕಾಯಕದ ಇನ್ನೊಂದು ಕೈಯೆಂದು ಕಂಡವರು. ನಮ್ಮ ಪತ್ರಿಕೆಗಳಲ್ಲಿ ಅವರ ಜಯಂತಿಯ ಸಂದೇಶ ಒಳಪುಟದಲ್ಲಿ, ಚಿನ್ನದ ಕರೆ ಹೊರಹಾಳೆಯಲ್ಲಿ ಬರುತ್ತದೆ. ಒಂದೇ ದಿನದ ಮೇಲೆ ಎರಡು ಹಕ್ಕುಗಳಿದ್ದಾಗ ಒಂದರ ಹಿಂದೆ ಕೋಟಿಗಟ್ಟಲೆ ಪ್ರಚಾರ ನಿಂತರೆ, ಮಕ್ಕಳ ನೆನಪಿನಲ್ಲಿ ಯಾವುದು ಹಬ್ಬವಾಗಿ ಉಳಿಯುತ್ತದೆ ಎಂದು ಹೇಳುವುದು ಕಷ್ಟವಲ್ಲ.

ಚಿನ್ನ ಕೊಳ್ಳುವ ಹೆಂಗಸರನ್ನು ದೂರುವುದು ಸುಲಭ, ಆದರೆ ತಪ್ಪು. ಗಂಡನ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಲು ಬೇರೇನೂ ಇಲ್ಲದವಳಿಗೆ ಬಳೆಯೇ ಬ್ಯಾಂಕು. ಮಗನ ಫೀಸಿಗೆ, ಗಂಡನ ಆಪರೇಷನ್ನಿಗೆ, ಕೊಳವೆಬಾವಿಗೆ ಅಡವಿಟ್ಟು ಮನೆ ಉಳಿಸಿದ್ದು ಆ ಚಿನ್ನವೇ. 2013ರಲ್ಲಿ ಆಗಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಆಮದಿನ ಹೊರೆ ತೋರಿಸಿ ಚಿನ್ನ ಕೊಳ್ಳಬೇಡಿ ಎಂದು ಕೇಳಿಕೊಂಡರು, ಆಮದು ಸುಂಕವನ್ನು ಶೇ 10ಕ್ಕೆ ಏರಿಸಿದರು. ಆ ಮಾತು ಮನೆಮನೆಗೆ ತಟ್ಟದೇ ಹೋದದ್ದಕ್ಕೆ ಇದೂ ಕಾರಣ: ಕಷ್ಟಕಾಲದ ಆಸರೆಯ ಬಗ್ಗೆ ಅದರಲ್ಲಿ ಉತ್ತರ ಇರಲಿಲ್ಲ. ಜಾಹೀರಾತಿನ ತಪ್ಪು ಈ ಆಸರೆಯನ್ನು ಹೊಗಳಿದ್ದಲ್ಲ. ಆಸರೆಗಾಗಿ ಕೊಳ್ಳುವವಳಿಗೆ ಮೇಕಿಂಗ್ ಕಡಿಮೆಯಿರುವ ಸಾದಾ ಬಳೆಯೋ ನಾಣ್ಯವೋ ಒಳ್ಳೆಯದು ಎಂಬುದನ್ನು ಮುಚ್ಚಿಟ್ಟು, ಕುಸುರಿ ಹೆಚ್ಚಿದ್ದಷ್ಟೂ ಐಶ್ವರ್ಯ ಹೆಚ್ಚು ಎಂಬ ಭಾವನೆ ಹುಟ್ಟಿಸಿದ್ದು ಅದರ ತಪ್ಪು.

ಕಾನೂನು ಏನು ಮಾಡಬಲ್ಲದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿತು. ಷರತ್ತಿನ ಸಾಲು ಮೂಲ ಹೇಳಿಕೆಯ ಭಾಷೆಯಲ್ಲೇ ಇರಬೇಕು, ಅದೇ ಅಕ್ಷರವಿನ್ಯಾಸದಲ್ಲಿ ಇರಬೇಕು ಎಂದು ಅದರಲ್ಲಿದೆ. ಕನ್ನಡದ ರಿಯಾಯಿತಿಯ ಕೆಳಗೆ ಇರುವೆ ಸಾಲಿನಂತೆ ಹರಿಯುವ ಇಂಗ್ಲಿಷ್ ಷರತ್ತುಗಳನ್ನು ಈ ನಿಯಮದ ಬೆಳಕಿನಲ್ಲಿ ಯಾರಾದರೂ ಒಮ್ಮೆ ಕೂತು ಪರಿಶೀಲಿಸಬೇಕು. ಇಂದು ಕೊಂಡರೆ ಸಮೃದ್ಧಿ ಎಂಬ ಮಾತನ್ನು ಸುಳ್ಳೆಂದು ಸಾಬೀತು ಮಾಡುವುದು ಯಾವ ಪ್ರಾಧಿಕಾರಕ್ಕೂ ಆಗದು. ಶೇ 25 ರಿಯಾಯಿತಿ ಎಂದವರು ಯಾವ ಮೊತ್ತದ ಮೇಲೆ ಎಂದು ಅಲ್ಲೇ ಬರೆಯಲಿ ಎಂದು ಕಡ್ಡಾಯ ಮಾಡುವುದು ಆಗುತ್ತದೆ.

ಅದೂ ಬೇಗ ಆಗಬೇಕು, ಏಕೆಂದರೆ ಜಾಹೀರಾತು ಈಗ ಪುಟವನ್ನು ಬಿಟ್ಟು ಹೊರಟಿದೆ. ಹಬ್ಬದ ಬೆಳಿಗ್ಗೆ ಫೋನಿನಲ್ಲಿ ಹೆಸರು ಹಿಡಿದು ಕರೆಯುವ ಸಂದೇಶ ಬರುತ್ತದೆ: ಹತ್ತು ರೂಪಾಯಿಗೂ ಚಿನ್ನ ಕೊಳ್ಳಬಹುದು, ಬೆರಳೊತ್ತಿದರೆ ಸಾಕು. ಇಂಥ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದ ಹೊರಗಿದೆ ಎಂದು 2025ರ ನವೆಂಬರ್‌ನಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಹೂಡಿಕೆದಾರರನ್ನು ಎಚ್ಚರಿಸಿತು. ಪತ್ರಿಕೆಯ ಹೊರಹಾಳೆಯನ್ನು ಅಪ್ಪ, ಅಮ್ಮ, ಸೊಸೆ ಒಟ್ಟಿಗೆ ನೋಡುತ್ತಿದ್ದರು. ಬೇಕೋ ಬೇಡವೋ ಎಂದು ಮನೆಯಲ್ಲಿ ಒಂದು ಮಾತುಕತೆ ನಡೆಯುತ್ತಿತ್ತು, ಬೇಡ ಎನ್ನುವ ಒಬ್ಬರಾದರೂ ಇರುತ್ತಿದ್ದರು. ಫೋನಿಗೆ ಬಂದದ್ದನ್ನು ಒಬ್ಬರೇ ಓದುತ್ತಾರೆ, ಒಬ್ಬರೇ ಒತ್ತುತ್ತಾರೆ. ನನಗೆ ಬಂದ ದರ, ನನಗೆ ತೋರಿಸಿದ ರಿಯಾಯಿತಿ ಪಕ್ಕದ ಮನೆಯವರಿಗೂ ಅದೇ ಆಗಿತ್ತೇ ಎಂದು ಹೋಲಿಸಿ ನೋಡಲು ದಾರಿಯಿಲ್ಲ. ಪತ್ರಿಕೆಯ ಜಾಹೀರಾತನ್ನು ಕತ್ತರಿಸಿಟ್ಟುಕೊಂಡು ದೂರು ಕೊಡಬಹುದಿತ್ತು. ಫೋನಿಗೆ ಬರುವ ಈ ಸಂದೇಶಗಳನ್ನೂ ಕಂಪನಿಗಳು ದಿನಾಂಕ, ಷರತ್ತುಗಳ ಸಮೇತ ಎಲ್ಲರೂ ನೋಡುವಂತೆ ಒಂದು ಕಡೆ ಜೋಪಾನವಾಗಿ ಇಡಬೇಕೆಂದು ಗ್ರಾಹಕ ಸಂಘಟನೆಗಳು ಮುಂದಿನ ತದಿಗೆ ಬರುವ ಮೊದಲೇ ಪ್ರಾಧಿಕಾರದ ಮುಂದೆ ಪಟ್ಟು ಹಿಡಿಯಬೇಕು.